ಹಿಂದಿನ ಸೀಟಿನ ಮಾತು

"ಇವತ್ತೂ ಬಂತು ನೋಡು ನೊಣ," ಎಂದಳು ಹಿಂದಿನ ಸೀಟಿನಲ್ಲಿ ಕೂತಿದ್ದ ಹೆಂಡತಿ. "ಬಲಗಣ್ಣಲ್ಲೇ. ಓಡಿಸಿದ್ರೆ ಹೋಗಲ್ಲ, ನೆಟ್ಟಗೆ ನೋಡೋಣ ಅಂದ್ರೆ ಪಕ್ಕಕ್ಕೆ ಜಾರುತ್ತೆ. ನಿನ್ನೆ ಒಂದೇ ಇತ್ತು. ಇವತ್ತು ಸಂಸಾರ ಸಮೇತ ಬಂದಿದೆ."

"ಹ್ಞೂಂ," ಎಂದ ಗ್ರಾಮಣ್ಣ.

ಸಿಗ್ನಲ್ಲಿನಲ್ಲಿ ಕೆಂಪು ದೀಪವಿತ್ತು. ಸುತ್ತಲಿನ ಗಾಡಿಗಳೆಲ್ಲ ನಿಂತಲ್ಲೇ ಗುರುಗುಟ್ಟುತ್ತಿದ್ದರೆ ಅವನ ಎಲೆಕ್ಟ್ರಿಕ್ ಬೈಕು ಮಾತ್ರ ಉಸಿರೆತ್ತದೆ ನಿಂತಿತ್ತು. ಹೆಂಡತಿಯ ಒಂದೊಂದು ಮಾತೂ ಅವನ ಕಿವಿಗೆ ಸ್ಪಷ್ಟವಾಗಿ ಬಿದ್ದಿತ್ತು. ಆದರೂ ಏನೂ ಕೇಳಿಸದವನ ಹಾಗೆ ಮುಖ ಮಾಡಿಕೊಂಡು ಮುಂದಿದ್ದ ಲಾರಿಯ ಹಿಂಭಾಗವನ್ನೇ ನೋಡುತ್ತಿದ್ದ. ಈ ನಾಟಕ ಶುರುವಾಗಿ ಏಳು ತಿಂಗಳಾಗಿತ್ತು. ಅಷ್ಟರಲ್ಲಿ ಅವನು ಚೆನ್ನಾಗಿಯೇ ಪಳಗಿದ್ದ.

ಗ್ರಾಮಣ್ಣ ಎಂಬುದು ಅವನ ನಿಜವಾದ ಹೆಸರಲ್ಲ. ಅವನದು ತಕ್ಕಡಿ ರಿಪೇರಿಯ ಕೆಲಸ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಎಂಟಡಿ ಅಗಲದ ಅಂಗಡಿ, ಗೋಡೆಯ ತುಂಬ ಹಳೆಯ ತಟ್ಟೆ ತಕ್ಕಡಿಗಳು, ಮೇಜಿನ ಮೇಲೆ ಹೊಟ್ಟೆ ಬಗೆದು ಮಲಗಿಸಿದ ಎಲೆಕ್ಟ್ರಾನಿಕ್ ತಕ್ಕಡಿಗಳು. ಐದು ಕಿಲೋ ತೂಗುವ ಯಂತ್ರ ಒಂದೇ ಒಂದು ಗ್ರಾಂ ಆಚೀಚೆ ತೋರಿಸಿದರೂ ಅದನ್ನು ಅಂಗಡಿಯಿಂದ ಹೊರಗೆ ಬಿಡುತ್ತಿರಲಿಲ್ಲ. "ಒಂದು ಗ್ರಾಂ ತಾನೆ, ಕೊಡಣ್ಣ" ಎಂದು ಗೋಗರೆದೂ ಗೋಗರೆದೂ ಸಾಕಾದ ತರಕಾರಿಯವರು ಅವನಿಗೆ ಈ ಹೆಸರು ಕಟ್ಟಿದ್ದರು. ಲೆಕ್ಕದಲ್ಲಿ ಇಷ್ಟು ಬಿಗಿಯಾದ ಮನುಷ್ಯ ಮಾತಿನಲ್ಲಿ ಇನ್ನೂ ಬಿಗಿ. ದಿನಕ್ಕೆ ಇಷ್ಟೇ ಮಾತು ಎಂದು ಯಾರೋ ತೂಗಿ ಕೊಟ್ಟಿದ್ದಾರೇನೋ ಎನ್ನುವ ಹಾಗೆ ಇದ್ದುಬಿಟ್ಟಿದ್ದ.

ಹೆಂಡತಿ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ಹರಿದ ಹಾಸಿಗೆ ಬಟ್ಟೆಗೆ ತೇಪೆ ಹಾಕುವುದು, ಆಪರೇಷನ್ ಗೌನುಗಳಿಗೆ ಲಾಡಿ ಕೂರಿಸುವುದು, ತೀರಾ ಸವೆದ ಬಟ್ಟೆಯನ್ನು ಕತ್ತರಿಸಿ ಹುಟ್ಟಿದ ಮಕ್ಕಳನ್ನು ಸುತ್ತುವ ಅರಿವೆ ಮಾಡುವುದು. ಮನೆಯಿಂದ ಆಸ್ಪತ್ರೆಗೆ ಬೈಕಿನಲ್ಲಿ ಇಪ್ಪತ್ತೆರಡು ನಿಮಿಷ. ಮದುವೆಯಾಗಿ ಇಪ್ಪತ್ತಾರು ವರ್ಷಗಳಿಂದ ದಿನವೂ ಅವಳನ್ನು ಗೇಟಿನ ಹತ್ತಿರ ಇಳಿಸಿ ಅವನು ಅಂಗಡಿಗೆ ಹೋಗುತ್ತಿದ್ದ.

ಹಳೆಯ ಪೆಟ್ರೋಲ್ ಬೈಕಿನ ಸೈಲೆನ್ಸರ್ ತೂತು ಬಿದ್ದು ಎಷ್ಟೋ ವರ್ಷಗಳಾಗಿದ್ದವು. "ಭಾವ, ಇದು ಗಾಡಿಯಲ್ಲ, ಡಂಗುರ," ಎಂದು ವ್ಯಾನ್ ಓಡಿಸುವ ಭಾವಮೈದುನ ಸಿಕ್ಕಾಗಲೆಲ್ಲ ಛೇಡಿಸುತ್ತಿದ್ದ. "ನೀವು ಮಾರ್ಕೆಟ್ ಬಿಟ್ರಿ ಅಂತ ಸದ್ದು ಕೇಳ್ಕೊಂಡೇ ಅಕ್ಕ ಒಲೆ ಹಚ್ತಾಳೆ." ಕೊನೆಗೆ ಅವನೇ ಓಡಾಡಿ, ಅಂಗಡಿ ಅಂಗಡಿ ತೋರಿಸಿ, ಎಲೆಕ್ಟ್ರಿಕ್ ಬೈಕು ಕೊಡಿಸಿದ. ಗ್ರಾಮಣ್ಣನಿಗೆ ಹೊಸ ಬೈಕಿನಲ್ಲಿ ಮೊದಲು ಹಿಡಿಸಿದ್ದು ಅದರ ಲೆಕ್ಕ. ಹಳೆಯದರ ಪೆಟ್ರೋಲ್ ಮುಳ್ಳು ಸುಳ್ಳುಬುರುಕ. ಇದಾದರೋ ಚಾರ್ಜು ಶೇಕಡಾ ಎಂಬತ್ತೇಳು ಎಂದರೆ ಎಂಬತ್ತೇಳು. ಆಸ್ಪತ್ರೆಗೆ ಐದು ಖರ್ಚು, ಅಲ್ಲಿಂದ ಅಂಗಡಿಗೆ ಮೂರು. ಸಂಜೆ ಮನೆಯ ಮೆಟ್ಟಿಲ ಕೆಳಗೆ ನಿಲ್ಲಿಸಿ, ಅಡುಗೆಮನೆಯ ಕಿಟಕಿಯಿಂದ ಇಳಿಬಿಟ್ಟ ವಯರಿಗೆ ಸಿಕ್ಕಿಸಿದರೆ ಮುಗಿಯಿತು.

ಮೊದಲ ದಿನ ಓಣಿಯ ತಿರುವು ದಾಟುತ್ತಿದ್ದ ಹಾಗೆ ಯಾರೋ ಪಕ್ಕದಲ್ಲೇ ಮಾತಾಡಿದ ಹಾಗಾಯಿತು. ಪಕ್ಕದ ಗಾಡಿಯವರಿರಬೇಕೆಂದು ನೋಡಿದ. ಯಾರೂ ಇರಲಿಲ್ಲ. ಮಾತು ಅವನ ಹೆಲ್ಮೆಟ್ಟಿನ ಹಿಂದಿನಿಂದ ಬರುತ್ತಿತ್ತು.

"ಮೂವತ್ತು ದಿಂಬಿನ ಚೀಲ ಕೊಟ್ಟು ಮಧ್ಯಾಹ್ನಕ್ಕೆ ಬೇಕು ಅಂತಾರೆ, ನನಗೇನು ಹತ್ತು ಕೈ ಇದೆಯಾ? ಕೇಳೋಣ ಅಂದ್ರೆ ನಮ್ಮ ಹೊಲಿಗೆ ಕೋಣೆ ಮೇಡಂ ಹೊಸದಾಗಿ ಕೂದಲಿಗೆ ಬಣ್ಣ ಹಾಕಿಸ್ಕೊಂಡು ಬಂದಿದ್ರು, ಅದನ್ನ ಹೊಗಳೋದ್ರಲ್ಲೇ ಅರ್ಧ ಗಂಟೆ ಹೋಯ್ತು." ಅಷ್ಟು ಹೇಳಿ ಒಂದು ಕ್ಷಣ ಬಿಟ್ಟು, "ನೀನಾದ್ರೂ ಅಷ್ಟೇ. ನಿನ್ನೆ ಅಷ್ಟು ಮಾಡಿ ಬಡಿಸ್ದೆ, ಚೆನ್ನಾಗಿದೆ ಅನ್ನೋಕೆ ಬಾಯಿಗೆ ಬೀಗ ಬಿದ್ದಿತ್ತಾ ನಿಂಗೆ?" ಎಂದಳು.

ಗ್ರಾಮಣ್ಣನ ಕೈಯಲ್ಲಿ ಹ್ಯಾಂಡಲ್ಲು ಓಲಾಡಿತು. ಮನೆಯಲ್ಲಿ ಅವಳು ಅವನನ್ನು ಕರೆಯುತ್ತಿದ್ದದ್ದು ನೀವು ಎಂದೇ. ಅಭ್ಯಾಸಬಲದಿಂದ ಅವನ ಬಾಯಿಂದ "ಹ್ಞೂಂ" ಎಂದು ಬಂತು. ಅವಳು ಏನೂ ಆಗದವಳಂತೆ ಮುಂದುವರಿಸಿದಳು. ಆಗ ಅವನಿಗೆ ಸಂಗತಿ ಅರ್ಥವಾಯಿತು. ಇಪ್ಪತ್ತಾರು ವರ್ಷ ಬೆನ್ನ ಹಿಂದೆ ಗುಂಯ್ ಎನ್ನುತ್ತಿದ್ದದ್ದು ಗಾಡಿಯ ಸದ್ದು ಮಾತ್ರ ಆಗಿರಲಿಲ್ಲ. ಅವನು ನಡುನಡುವೆ ಒಂದು ಹ್ಞೂಂ ಹಾಕುತ್ತಿದ್ದ, ಅವಳು ಮನಸ್ಸಿಗೆ ಬಂದದ್ದನ್ನೆಲ್ಲ ಆಡಿ ಹಗುರಾಗಿ ಇಳಿದು ಹೋಗುತ್ತಿದ್ದಳು. ಇಂಜಿನ್ನಿನ ಸದ್ದಿಗೆ ಇವರಿಗೆ ಕೇಳಿಸುತ್ತಿಲ್ಲ ಎಂದು ಅವಳು ಯಾವತ್ತೂ ಅಂದುಕೊಂಡಿರಲಿಲ್ಲ. ಗಂಡನ ಕಿವಿ ಇರುವುದೇ ಹೀಗೆ, ಯಾರ ಮಾತೂ ಒಳಗೆ ಹೋಗುವುದಿಲ್ಲ ಎಂದುಕೊಂಡಿದ್ದಳು. ಹಾಗಾಗಿ ಗಾಡಿ ಬದಲಾಗಿದ್ದರಿಂದ ಬೇರೆ ಏನಾದರೂ ಬದಲಾಗಿರಬಹುದು ಎಂದು ಅವಳಿಗೆ ಹೊಳೆಯಲೇ ಇಲ್ಲ.

ಅವತ್ತೇ ಹೇಳಿಬಿಡಬೇಕಿತ್ತು. ಗೇಟಿನ ಹತ್ತಿರ ಬಾಯಿ ತೆರೆದವನು ಸುಮ್ಮನಾದ. ಮಾರನೆಯ ದಿನ ಹೇಳೋಣವೆಂದುಕೊಂಡ. ಮಾರನೆಯ ದಿನ ಅವಳು ವಾರ್ಡಿನ ಆಯಾ ಹಾಸಿಗೆ ಬಟ್ಟೆ ಎಂದುಕೊಂಡು ದೊಡ್ಡ ಡಾಕ್ಟರ ಕೋಟನ್ನು ಕತ್ತರಿಸಲು ತಂದುಕೊಟ್ಟ ಕಥೆ ಹೇಳಿದಳು. ನಗು ತಡೆಯಲಾರದೆ ಅವನು ಕೆಮ್ಮಿದ ಹಾಗೆ ಮಾಡಿದ, ಅವಳು ಪಾಪ ಬೆನ್ನು ತಟ್ಟಿದಳು. ತನ್ನ ಹೆಂಡತಿ ಇಷ್ಟು ತಮಾಷೆಯವಳು ಎಂದು ಅವನಿಗೆ ಗೊತ್ತೇ ಇರಲಿಲ್ಲ. ಆಮೇಲೆ ಹೇಳುವ ಯೋಚನೆಯನ್ನೇ ಬಿಟ್ಟ. ಬೆಳಿಗ್ಗೆ ಎದ್ದ ತಕ್ಷಣ ಆ ಇಪ್ಪತ್ತೆರಡು ನಿಮಿಷಗಳು ನೆನಪಾಗಿ ಮನಸ್ಸು ಅರಳುತ್ತಿತ್ತು. ಐವತ್ತಮೂರು ವರ್ಷದ ಗಂಡಸು ಇದನ್ನು ಯಾರ ಹತ್ತಿರ ತಾನೆ ಹೇಳಿಕೊಳ್ಳಬೇಕು? ಭಾನುವಾರ ಬೈಕು ಒರೆಸುವಾಗ ಸೀಟಿನ ಹಿಂಭಾಗವನ್ನು ಎರಡು ಸಲ ಒರೆಸುತ್ತಿದ್ದ.

ಕೇಳಿಸಿಕೊಂಡ ಮೇಲೆ ಸುಮ್ಮನಿರುವುದೂ ಕಷ್ಟ. ಉಪ್ಪು ಮುಗಿದಿದೆ ಎಂದು ಅವಳು ಬೈಕಿನ ಮೇಲೆ ಗೊಣಗಿದ ದಿನ ಸಂಜೆ ಉಪ್ಪು ತಂದಿಟ್ಟ. ಮಿಷನ್ನಿನ ಪೆಡಲು ಕಿರುಗುಟ್ಟುತ್ತದೆ ಎಂದಾಗ, ಅಂಗಡಿಯಲ್ಲಿ ಜಾಸ್ತಿ ಇತ್ತು ಎಂದು ಸುಳ್ಳು ಹೇಳಿ ಸಣ್ಣ ಎಣ್ಣೆ ಬುಡ್ಡಿ ಅವಳ ಚೀಲಕ್ಕೆ ಹಾಕಿದ. ಹೊಲಿಗೆ ಕೋಣೆಯ ನೆಲ ತಣ್ಣಗೆ ಕೊರೆಯುತ್ತದೆ ಎಂದಾಗ ಒಂದು ದಪ್ಪ ಚಾಪೆ.

"ನಿಮಗೆ ಮೈ ಹುಷಾರಾಗಿದೆ ತಾನೆ?" ಎಂದು ಅವಳು ಹಣೆ ಮುಟ್ಟಿ ನೋಡಿದ್ದಳು.

ಒಂದು ದಿನ ಮಾತ್ರ ಸೇತುವೆ ದಾಟುವಾಗ ಅವಳು ತಗ್ಗಿದ ದನಿಯಲ್ಲಿ ಹೇಳಿದ್ದು ಅವನ ಎದೆಗೆ ನಾಟಿತು. "ಇಪ್ಪತ್ತಾರು ವರ್ಷ. ಒಂದು ಸಲ, ಒಂದೇ ಒಂದು ಸಲ, ನಿನಗೇನು ಬೇಕು ಅಂತ ಕೇಳಿದ್ದೀಯಾ? ಗೋಡೆ ಜೊತೆ ಬಾಳ್ವೆ ಮಾಡಿದ ಹಾಗಾಯ್ತು ನನ್ನದು." ಅವತ್ತು ಅಂಗಡಿಯಲ್ಲಿ ಅವನು ಒಂದೇ ತಕ್ಕಡಿಯನ್ನು ನಾಲ್ಕು ಸಲ ಸೊನ್ನೆಗೆ ತಂದ, ನಾಲ್ಕು ಸಲವೂ ತಪ್ಪಿತು. ಸಂಜೆ ಕೇಳಬೇಕೆಂದು ಹೊರಟ. ಕೇಳಿದರೆ ಅವಳಿಗೆ ಗೊತ್ತಾಗುತ್ತದೆ. ಗೊತ್ತಾದರೆ ಇನ್ನು ಆ ಸೀಟಿನಿಂದ ಒಂದು ಮಾತೂ ಹೊರಡುವುದಿಲ್ಲ. ಆ ಮಾತಿಲ್ಲದ ದಾರಿಯನ್ನು ನೆನೆದರೇ ಅವನಿಗೆ ಭಯವಾಯಿತು. ಹಾಗಾಗಿ ಕೇಳಲಿಲ್ಲ.

ಈಗ ಈ ನೊಣ. ಸಿಗ್ನಲ್ಲು ಹಸಿರಾಯಿತು. ಹೆಂಡತಿ ಬೇರೆ ವಿಷಯಕ್ಕೆ ಹೋದಳು. ಗ್ರಾಮಣ್ಣನ ತಲೆಯಲ್ಲಿ ಮಾತ್ರ ನೊಣ ಗುಂಯ್ಗುಡುತ್ತಲೇ ಇತ್ತು.

ಶನಿವಾರ ಸಂಜೆ ಅವನು ಒಂದು ಉಪಾಯ ಮಾಡಿದ. "ಕಣ್ಣು ಯಾಕೋ ಮಂಜು ಮಂಜು. ಕನ್ನಡಕದ ಅಂಗಡಿಗೆ ಹೋಗಿ ಬರೋಣ ಬಾ. ನೀನೂ ತೋರಿಸ್ಕೊ, ಹೇಗೂ ಹೋಗ್ತಿದೀವಿ."

"ನಿಮಗೆ ಬೇಕಾದ್ರೆ ತೋರಿಸ್ಕೊಳ್ಳಿ. ನನ್ನ ಕಣ್ಣಿಗೇನು ಧಾಡಿ?"

ಅಂಗಡಿಯಲ್ಲಿ ಅವಳು ಬೆಂಚಿನ ಮೇಲೆ ಗಟ್ಟಿಯಾಗಿ ಕೂತುಬಿಟ್ಟಳು. ಅವನು ಒಳಗೆ ಹೋಗಿ, ಸಾಲುಗಳನ್ನೆಲ್ಲ ಸರಿಯಾಗಿ ಓದಿ, ಬೇಕಿಲ್ಲದ ಒಂದು ಕನ್ನಡಕ ತಗೊಂಡು ಹೊರಗೆ ಬಂದ. ಬರುವ ಮುಂಚೆ ಅಂಗಡಿಯವನ ಹತ್ತಿರ ಮೆಲ್ಲಗೆ ನೊಣದ ವಿಷಯ ಕೇಳಿದ್ದ. "ವಯಸ್ಸಿಗೆ ಕೆಲವರಿಗೆ ಬರುತ್ತೆ. ಜಾಸ್ತಿಯಾದ್ರೆ ಡಾಕ್ಟರಿಗೆ ತೋರಿಸ್ಬೇಕು," ಎಂದಿದ್ದ ಅವನು. ಜಾಸ್ತಿ ಎಂದರೆ ಎಷ್ಟು? ಅದಕ್ಕೆ ಅಳತೆ ಹೇಳಿರಲಿಲ್ಲ.

ಸೋಮವಾರ ಅವಳು ಹೇಳಿದಳು, "ಈಗ ಮಿಂಚು ಬೇರೆ ಶುರುವಾಗಿದೆ. ಕಣ್ಣು ಮುಚ್ಚಿದ್ರೂ ಮೂಲೇಲಿ ಫಳ್ ಅನ್ನುತ್ತೆ. ತೋರಿಸೋಣ ಅಂದ್ರೆ ಎಲ್ಲಿ ತೋರಿಸ್ಲಿ? ನಮ್ಮ ಕಣ್ಣಿನ ವಿಭಾಗಕ್ಕೆ ಕಾಲಿಟ್ರೆ ಊಟದ ಹೊತ್ತಿಗೆ ಇಡೀ ಆಸ್ಪತ್ರೆಗೆ ಗೊತ್ತಾಗುತ್ತೆ. ನಾಲ್ಕು ಮಿಷನ್ನು ಎರಡು ಮಾಡ್ತಾರಂತೆ. ಕಣ್ಣು ಸರಿಯಿಲ್ಲದವಳನ್ನ ಇಟ್ಕೊಳ್ತಾರಾ? ಆ ಮಿಷನ್ನೊಂದು ಬಿಟ್ರೆ ನಂದು ಅಂತ ನಂಗೇನಿದೆ ಹೇಳು."

"ಹ್ಞೂಂ," ಎಂದ ಗ್ರಾಮಣ್ಣ. ಆ ಹ್ಞೂಂ ಎಂದದ್ದಕ್ಕೆ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ನಾಳೆ ಹೇಳುತ್ತೇನೆ ಎಂದುಕೊಂಡ. ಮಂಗಳವಾರ ಅವಳು ನಗುನಗುತ್ತಾ ಇದ್ದಳು, ಕಡಿಮೆಯಾಗಿರಬೇಕು ಎಂದುಕೊಂಡ. ಬುಧವಾರ, ಗುರುವಾರವೂ ಹಾಗೇ ಕಳೆದವು. ಗ್ರಾಂ ಲೆಕ್ಕದ ಮನುಷ್ಯ ಇಲ್ಲಿ ಮಾತ್ರ ಕಣ್ಣಂದಾಜಿನಲ್ಲಿ ಸಾಗಿಸಿದ್ದ.

ಶುಕ್ರವಾರ ಬೆಳಿಗ್ಗೆ ಅವಳು ಸೇತುವೆಯವರೆಗೂ ಮಾತಾಡಲಿಲ್ಲ. ಆಮೇಲೆ ಅವನ ಭುಜದ ಮೇಲಿದ್ದ ಅವಳ ಕೈ ಬಿಗಿಯಾಯಿತು.

"ಕೆಳಗಿನಿಂದ ಯಾರೋ ಕಪ್ಪು ಪರದೆ ಎತ್ತಿದ ಹಾಗಿದೆ," ಎಂದಳು. "ಎದ್ದಾಗ ಸ್ವಲ್ಪ ಇತ್ತು. ಈಗ ಮೇಲಕ್ಕೆ ಬಂದಿದೆ. ನನಗೆ ಹೆದರಿಕೆ ಆಗ್ತಿದೆ. ಯಾರ ಹತ್ರ ಹೇಳ್ಲಿ ನಾನು?"

ಅವನ ಬಾಯಿಂದ ಹ್ಞೂಂ ಕೂಡ ಬರಲಿಲ್ಲ.

ಗೇಟಿನ ಹತ್ತಿರ ಇಳಿದು ಅವಳು ದಿನದಂತೆ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಮೆಟ್ಟಿಲು ಹತ್ತುವಾಗ ಮಾತ್ರ ಕಾಲನ್ನು ಅಂದಾಜಿನಲ್ಲಿ ಇಟ್ಟದ್ದು ಅವನಿಗೆ ಕಾಣಿಸಿತು. ಬೈಕನ್ನು ಅಂಗಡಿಯ ಕಡೆ ತಿರುಗಿಸಿದವನು ನೂರು ಮಾರು ಹೋಗಿ ವಾಪಸು ಬಂದ. ಹೆರಿಗೆ ವಾರ್ಡಿನಲ್ಲಿ ಕೂಸುಗಳ ತಕ್ಕಡಿ ಸರಿಮಾಡಲು ವರ್ಷಕ್ಕೆರಡು ಸಲ ಬರುತ್ತಿದ್ದುದರಿಂದ ಅಲ್ಲಿನ ದಾದಿಯರಿಗೆಲ್ಲ ಅವನ ಪರಿಚಯವಿತ್ತು. ಅವರಲ್ಲೊಬ್ಬಳು ಈಗ ಕಣ್ಣಿನ ವಿಭಾಗದಲ್ಲಿದ್ದಳು.

"ಸಿಸ್ಟರ್, ಪರಿಚಯದವರೊಬ್ಬರಿಗೆ ಕಣ್ಣಲ್ಲಿ ಮೊದಲು ನೊಣ ಕಂಡ್ವು. ಆಮೇಲೆ ಮಿಂಚು. ಇವತ್ತು ಪರದೆ."

ಅವಳು ಕೈಯಲ್ಲಿದ್ದ ಚೀಟಿಗಳನ್ನು ಮೇಜಿನ ಮೇಲಿಟ್ಟಳು. "ಎಲ್ಲಿದಾರೆ ಅವರು? ಈಗಲೇ ಕರ್ಕೊಂಡು ಬನ್ನಿ. ಸಂಜೆ ಅಲ್ಲ, ನಾಳೆ ಅಲ್ಲ, ಈಗ. ಪರದೆ ಪೂರ್ತಿ ಮುಚ್ಚಿದ್ರೆ ಆ ಕಣ್ಣು ಮತ್ತೆ ಮೊದಲಿನ ಹಾಗೆ ಆಗಲ್ಲ."

ಹೊಲಿಗೆ ಕೋಣೆ ನೆಲಮಾಳಿಗೆಯಲ್ಲಿತ್ತು. ಗ್ರಾಮಣ್ಣ ಬಾಗಿಲಲ್ಲಿ ನಿಂತಾಗ ನಾಲ್ಕೂ ಮಿಷನ್ನುಗಳು ಓಡುತ್ತಿದ್ದವು. ಹೆಂಡತಿ ಗೋಡೆ ಪಕ್ಕದ ಮಿಷನ್ನಿನಲ್ಲಿ ಕತ್ತು ವಾರೆ ಮಾಡಿ, ಎಡಗಣ್ಣನ್ನು ಸೂಜಿಯ ಹತ್ತಿರ ತಂದು ಹೊಲಿಯುತ್ತಿದ್ದಳು. ಕಾಲ ಕೆಳಗೆ ಅವನು ಕೊಟ್ಟ ಚಾಪೆ. ನಿನ್ನ ಕಣ್ಣು ತೋರಿಸೋಣ ಬಾ ಎಂದರೆ ಇವಳು ಜಪ್ಪಯ್ಯ ಎಂದರೂ ಏಳುವವಳಲ್ಲ ಎಂದು ಅವನಿಗೆ ಗೊತ್ತಿತ್ತು.

"ಸ್ವಲ್ಪ ಬಾ," ಎಂದ. "ನನ್ನ ಕಣ್ಣಿಗೆ ಏನೋ ಆಗಿದೆ."

ಅವಳು ಅರ್ಧ ಹೊಲಿದ ಗೌನನ್ನು ಮಿಷನ್ನಿನ ಹಲ್ಲಿಗೇ ಬಿಟ್ಟು ಎದ್ದಳು. ಏನು, ಎತ್ತ ಎಂದು ಒಂದು ಮಾತು ಕೇಳಲಿಲ್ಲ. ಮೇಡಂಗೆ ಹೇಳಲೂ ಇಲ್ಲ. ಇಡೀ ಆಸ್ಪತ್ರೆಗೆ ಗೊತ್ತಾಗುತ್ತದೆ ಎಂದು ಹೆದರಿದ್ದವಳು ಅವನ ತೋಳು ಹಿಡಿದು, ಎಲ್ಲರ ಎದುರಿಗೆ, ಅವನಿಗಿಂತ ಮುಂದಾಗಿ ಕಣ್ಣಿನ ವಿಭಾಗದ ಮೆಟ್ಟಿಲು ಹತ್ತಿದಳು. ಒಂದು ಮೆಟ್ಟಿಲು ತಪ್ಪಿದಾಗ ಅವನೇ ಅವಳನ್ನು ಹಿಡಿದುಕೊಂಡ.

"ಅದಕ್ಕೇ ಮೊನ್ನೆ ಮಂಜು ಮಂಜು ಅಂದ್ರಲ್ಲ. ಅವತ್ತೇ ಸರಿಯಾಗಿ ತೋರಿಸ್ಬೇಕಿತ್ತು. ಹೇಳಿದ್ರೆ ಕೇಳಲ್ಲ ನೀವು," ಎಂದು ಏದುಸಿರು ಬಿಟ್ಟಳು.

ಕಣ್ಣಿನ ಡಾಕ್ಟರು ವಯಸ್ಸಾದ ಹೆಂಗಸು. ಗ್ರಾಮಣ್ಣನನ್ನು ಕುರ್ಚಿಯ ಮೇಲೆ ಕೂರಲು ಹೇಳಿದರು. ಅವನು ಕೂರಲಿಲ್ಲ. ಹೆಂಡತಿಯ ಭುಜ ಹಿಡಿದು ಅವಳನ್ನು ಕೂರಿಸಿದ.

"ನನಗಲ್ಲ ಡಾಕ್ಟ್ರೇ. ಇವಳಿಗೆ."

"ನನಗೇನಾಗಿದೆ?" ಎಂದಳು ಅವಳು. ಎದ್ದು ನಿಲ್ಲಲು ಹೊರಟಳು. ಡಾಕ್ಟರು ಅವಳ ಮುಖವನ್ನೇ ನೋಡುತ್ತಿದ್ದರು. ಆ ನೋಟಕ್ಕೆ ಅವಳ ದನಿ ಇಳಿಯಿತು. "ಏನಿಲ್ಲ. ಬಲಗಣ್ಣಲ್ಲಿ ಸ್ವಲ್ಪ. ಎರಡು ದಿನ ಆಯ್ತೇನೋ."

"ಎರಡು ದಿನ ಅಲ್ಲ," ಎಂದ ಗ್ರಾಮಣ್ಣ. ಅವನು ಗೋಡೆಯನ್ನು ನೋಡುತ್ತ ಹೇಳಿದ. "ಹೋದ ವಾರದ ಬುಧವಾರ ಬೆಳಿಗ್ಗೆ ಒಂದು ನೊಣ. ಗುರುವಾರ ಐದಾರು. ಈ ಸೋಮವಾರದಿಂದ ಮೂಲೇಲಿ ಮಿಂಚು, ಕಣ್ಣು ಮುಚ್ಚಿದ್ರೂ. ಪರದೆ ಇವತ್ತು ಎದ್ದಾಗಿನಿಂದ. ಕೆಳಗಿನಿಂದ ಮೇಲಕ್ಕೆ. ಎದ್ದಾಗ ಕಡಿಮೆ ಇತ್ತು, ಸೇತುವೆ ಹತ್ರ ಬರೋ ಹೊತ್ತಿಗೆ ಜಾಸ್ತಿ ಆಗಿತ್ತು."

ಹೆಂಡತಿ ನಿಧಾನವಾಗಿ ಅವನ ಕಡೆ ತಿರುಗಿದಳು. ಒಂದೊಂದು ದಿನವಾಗಿ ಏಳು ತಿಂಗಳು ಅವಳ ಮುಖದ ಮೇಲೆ ಹಾದುಹೋದದ್ದನ್ನು ಅವನು ಓರೆಗಣ್ಣಿನಲ್ಲಿ ಕಂಡ. ಕೆಂಪಾದಳು, ಆಮೇಲೆ ಬಿಳಿಚಿಕೊಂಡಳು. ಡಾಕ್ಟರಿಗೆ ಇದೊಂದೂ ಬೇಕಿರಲಿಲ್ಲ. "ಇಷ್ಟು ಕರಾರುವಾಕ್ಕಾಗಿ ಯಾರೂ ಹೇಳಲ್ಲ," ಎಂದು ದೀಪ ಆರಿಸಿ ಅವಳ ಕಣ್ಣಿಗೆ ಬೆಳಕು ಬಿಟ್ಟರು.

ಕಣ್ಣಿನ ಒಳಪದರ ಕಿತ್ತು ಬಂದಿತ್ತು. ಕಣ್ಣೊಳಗೆ ಬಿಂಬ ತಲೆಕೆಳಗಾಗುವುದರಿಂದ ಅವಳಿಗೆ ಪರದೆ ಕೆಳಗಿನಿಂದ ಕಂಡಿತ್ತು. ಕಳಚಿದ್ದು ಮೇಲಿನ ಭಾಗ, ನಡುಭಾಗ ಮಾತ್ರ ಇನ್ನೂ ಅಂಟಿಕೊಂಡಿತ್ತು. "ನೋಟ ಇರೋದೆಲ್ಲ ಆ ನಡುಭಾಗದಲ್ಲೇ," ಎಂದರು ಡಾಕ್ಟರು. "ಇವತ್ತು ಮಧ್ಯಾಹ್ನ ಆಪರೇಷನ್ ಮಾಡ್ತೀನಿ. ನಾಳೆ ಬಂದಿದ್ರೆ ಈ ಮಾತು ಹೇಳ್ತಿರ್ಲಿಲ್ಲ ನಾನು."

ಗ್ರಾಮಣ್ಣನಿಗೆ ಅವರ ಕೈ ಹಿಡಿದುಕೊಳ್ಳಬೇಕೆನಿಸಿತು. ಏನು ಹೇಳಬೇಕೆಂದು ತೋಚದೆ, "ನಿಮ್ಮಲ್ಲಿರೋ ತಕ್ಕಡಿಗಳನ್ನೆಲ್ಲ ನಾನು ನೋಡ್ಕೊಳ್ತೀನಿ ಡಾಕ್ಟ್ರೇ," ಎಂದ. ಅವರು ತಲೆಯಾಡಿಸಿದರು. ಪಾಪ, ಕಣ್ಣಿನ ವಿಭಾಗದಲ್ಲಿ ಒಂದೂ ತಕ್ಕಡಿ ಇರಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಕಣ್ಣಿನೊಳಗೆ ಅನಿಲದ ಗುಳ್ಳೆಯೊಂದನ್ನು ತುಂಬಿದ್ದರು. ಅದು ಪದರವನ್ನು ಒತ್ತಿ ಹಿಡಿದಿರಲು ವಾರವಿಡೀ ಅವಳು ಮುಖ ಕೆಳಗೆ ಮಾಡಿಯೇ ಇರಬೇಕಿತ್ತು, ಮಲಗಿದಾಗಲೂ ಕೂತಾಗಲೂ. ಹೊಲಿಗೆ ಕೋಣೆಯ ಹೆಂಗಸರು ಒಂದೇ ದಿನದಲ್ಲಿ, ಸವೆದು ಮೆತ್ತಗಾದ ಆಸ್ಪತ್ರೆ ಬಟ್ಟೆಯಲ್ಲಿ, ನಡುವೆ ಮುಖದಷ್ಟು ತೂತಿರುವ ದಿಂಬೊಂದನ್ನು ಹೊಲಿದು ತಂದರು. ಕೂದಲಿಗೆ ಬಣ್ಣ ಹಾಕಿಸಿಕೊಂಡ ಮೇಡಂ ಸ್ವತಃ ಬಂದು, ಹಾಸಿಗೆಯ ಪಕ್ಕ ಬಗ್ಗಿ, "ಎರಡು ಮಿಷನ್ನಿನ ಮಾತು ಇನ್ನೂ ಕಾಗದದಲ್ಲೇ ಇದೆ, ಅಲ್ಲೇ ಇರುತ್ತೆ. ನಿನ್ನ ಮಿಷನ್ನಿಗೆ ಬಟ್ಟೆ ಹೊದಿಸಿಟ್ಟಿದೀನಿ, ಯಾರೂ ಮುಟ್ಟಲ್ಲ. ಇಷ್ಟು ದಿನ ನನ್ನ ಹತ್ರ ಯಾಕೆ ಹೇಳ್ಲಿಲ್ಲ ನೀನು?" ಎಂದರು. ಅವಳು ದಿಂಬಿನೊಳಗೆ ಅತ್ತಳು. ಅಳಬಾರದು ಎಂದು ಎಲ್ಲರೂ ಒಟ್ಟಿಗೆ ಗದರಿದರು.

ಭಾವಮೈದುನ ವ್ಯಾನಿನಲ್ಲಿ ಮನೆಗೆ ಕರೆತಂದ. ದಿನವೂ ಬಂದು ಹೋಗುತ್ತಿದ್ದ. "ಅಕ್ಕನ ಮುಖ ನೋಡ್ಬೇಕು ಅಂದ್ರೆ ಮಂಚದ ಕೆಳಗೆ ತೂರ್ಬೇಕಲ್ಲ ಭಾವ," ಎನ್ನುತ್ತಿದ್ದ. ಗ್ರಾಮಣ್ಣ ಅಂಗಡಿಗೆ ಬೀಗ ಹಾಕಿ ಮನೆಯಲ್ಲೇ ಉಳಿದ. ಕಣ್ಣಿಗೆ ಹನಿ ಬಿಟ್ಟ, ಅನ್ನ ಬೇಯಿಸಿದ, ಸಾರು ಕೆಡಿಸಿದ. ಅವಳು ಬೇಕಾದಷ್ಟೇ ಮಾತಾಡಿದಳು. ಕಿಟಕಿ ಮುಚ್ಚಿ. ಹನಿ ಬಿಡೋ ಹೊತ್ತಾಯ್ತು. ಸಾಕು. ಡಾಕ್ಟರ ಕೋಣೆಯ ವಿಷಯ ಎತ್ತಲಿಲ್ಲ. ಕಣ್ಣು ಉಳಿಯಿತು ಎಂದು ಅವನು ಕ್ಷಣಕ್ಷಣಕ್ಕೂ ಕೃತಜ್ಞನಾಗಿದ್ದ. ಆದರೆ ಮನೆಯಲ್ಲಿ ಇಷ್ಟು ಮೌನ ಮೊದಲೂ ಇತ್ತು, ಈಗ ಮಾತ್ರ ಅದು ಅವನ ಕಿವಿಗೆ ಕೇಳಿಸುತ್ತಿತ್ತು.

ಆರನೆಯ ದಿನ ಮಧ್ಯಾಹ್ನ ಅವನು ಮಂಚದ ಪಕ್ಕ ನೆಲದ ಮೇಲೆ ಕೂತು ಹುರುಳಿಕಾಯಿ ಮುರಿಯುತ್ತಿದ್ದ.

"ಯಾವತ್ತಿನಿಂದ?" ಎಂದಳು ದಿಂಬಿನ ತೂತಿನೊಳಗಿನಿಂದ.

"ಗಾಡಿ ತಂದ ದಿನದಿಂದ."

"ಎಲ್ಲಾನೂ?"

"ಲಾರಿ ಪಕ್ಕದಲ್ಲಿ ಹೋದಾಗ ಒಂದೆರಡು ಮಾತು ತಪ್ಪಿರ್ಬಹುದು."

"ಗೋಡೆ ಅಂದಿದ್ದು?"

"ಕೇಳಿಸ್ತು."

"ಮತ್ತೆ ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ, ನಿನಗೇನು ಬೇಕು ಅಂತ?"

"ಕೇಳಿದ್ರೆ ನಿನಗೆ ಗೊತ್ತಾಗಿಬಿಡ್ತಿತ್ತು."

"ಈಗ ಗೊತ್ತಾಯ್ತಲ್ಲ."

ಗ್ರಾಮಣ್ಣ ಕೈಯಲ್ಲಿದ್ದ ಹುರುಳಿಕಾಯಿಯನ್ನು ತಟ್ಟೆಗೆ ಹಾಕಿದ. "ನಿನಗೇನು ಬೇಕು?" ಎಂದ.

ಅವಳು ಬಹಳ ಹೊತ್ತು ಯೋಚಿಸಿದಳು. "ಸದ್ಯಕ್ಕೆ ನೀರು," ಎಂದಳು. ಅವನು ನೀರು ತಂದು, ಕೊಳವೆಯನ್ನು ದಿಂಬಿನ ಕೆಳಗಿಂದ ಅವಳ ತುಟಿಗೆ ಹಿಡಿದ. ಕುಡಿದು ಮುಗಿಸಿ ಅವಳು, "ಇನ್ನು ಆ ಸೀಟಲ್ಲಿ ಕೂತು ನಾನು ಬಾಯಿ ಬಿಟ್ರೆ ಕೇಳಿ," ಎಂದಳು. ಅದರಲ್ಲಿ ಸ್ವಲ್ಪವೂ ತಮಾಷೆಯಿರಲಿಲ್ಲ.

ಗುಳ್ಳೆ ಕರಗಲು ಐದು ವಾರ ಬೇಕಾಯಿತು. ಬಲಗಣ್ಣಿನ ನೋಟ ಮೊದಲಿಗಿಂತ ಒಂದು ಚೂರು ಮಸುಕು, ಆದರೂ ಹೊಸ ಕನ್ನಡಕ ಹಾಕಿಕೊಂಡು ಅವಳು ಡಾಕ್ಟರ ಎದುರಿಗೇ ಸೂಜಿಗೆ ದಾರ ಪೋಣಿಸಿ ತೋರಿಸಿದಳು. ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರು ಬರೆದುಕೊಟ್ಟರು. ಹಳೆಯ ಬೈಕೇ ಇದ್ದಿದ್ದರೆ ಆ ನೊಣ, ಆ ಮಿಂಚು, ಆ ಪರದೆ ಎಲ್ಲ ಬೆನ್ನ ಹಿಂದೆ ಬರೀ ಗುಂಯ್ ಎಂದು ಕಳೆದುಹೋಗುತ್ತಿದ್ದವು ಎಂದು ನೆನೆದಾಗಲೆಲ್ಲ ಗ್ರಾಮಣ್ಣನ ಮೈ ಜುಮ್ಮೆನ್ನುತ್ತಿತ್ತು. ಭಾನುವಾರ ಅವನು ಬೈಕನ್ನು ಎರಡು ಗಂಟೆ ಒರೆಸಿದ. ಯಂತ್ರಕ್ಕೆ ಥ್ಯಾಂಕ್ಸ್ ಹೇಳುವ ಬೇರೆ ದಾರಿ ಅವನಿಗೆ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಹೆಲ್ಮೆಟ್ಟು ಹಾಕಿಕೊಂಡು ಹಿಂದೆ ಹತ್ತಿ ಕೂತಳು. ಭುಜದ ಮೇಲೆ ಕೈ ಇಟ್ಟಳು. ಓಣಿಯ ತಿರುವು ಬಂತು, ಅವಳು ದಿನವೂ ಶುರುಮಾಡುತ್ತಿದ್ದದ್ದೇ ಅಲ್ಲಿ. ಮಾತಿಲ್ಲ. ಬೇಕರಿ ದಾಟಿತು. ಸಿಗ್ನಲ್ಲಿನಲ್ಲಿ ಇಡೀ ಕೆಂಪು ದೀಪ ಮಾತಿಲ್ಲದೆ ಕಳೆಯಿತು. ಇಪ್ಪತ್ತೆರಡು ನಿಮಿಷಗಳಲ್ಲಿ ಹತ್ತು ಮುಗಿದವು. ಅವಳು ಕೊಟ್ಟ ಮಾತು ಉಳಿಸಿಕೊಳ್ಳುವ ಹೆಂಗಸು ಎಂದು ಅವನಿಗೆ ಗೊತ್ತಿತ್ತು. ಕಣ್ಣು ಉಳಿದಿತ್ತು. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ತನಗಿಲ್ಲ ಎಂದೂ ಗೊತ್ತಿತ್ತು.

ಸೇತುವೆಯ ಏರು ಶುರುವಾಗುತ್ತಿದ್ದ ಹಾಗೆ ಗ್ರಾಮಣ್ಣ ಬಾಯಿ ತೆರೆದ. ಎದುರಿನ ರಸ್ತೆಯನ್ನೇ ನೋಡುತ್ತ, ರಸ್ತೆಗೇ ಹೇಳುವವನ ಹಾಗೆ ಶುರುಮಾಡಿದ.

"ನೊಣ ಅಂದ ದಿನಾನೇ ನಿನ್ನ ಕೈ ಹಿಡಿದು ಕರ್ಕೊಂಡು ಹೋಗ್ಬೇಕಿತ್ತು ನಾನು. ಒಂಬತ್ತು ದಿನ ತಡ ಮಾಡ್ದೆ. ನಿನಗೆ ಗೊತ್ತಾದ್ರೆ ಮಾತು ನಿಲ್ಲಿಸಿಬಿಡ್ತೀಯ ಅಂತ. ನಿನ್ನ ಕಣ್ಣು ಒಂದು ತಟ್ಟೇಲಿ, ನನ್ನ ಖುಷಿ ಒಂದು ತಟ್ಟೇಲಿ, ತೂಗ್ತಾ ಕೂತೆ. ನನಗಿಂತ ಮೋಸದ ತಕ್ಕಡಿ ಇನ್ನೊಂದಿಲ್ಲ. ಇದನ್ನ ಮನೇಲಿ ನಿನ್ನ ಮುಖ ನೋಡ್ಕೊಂಡು ಹೇಳೋಕೆ ಬರ್ಲಿಲ್ಲ ನನಗೆ." ಉಸಿರು ತಗೊಂಡ. ಒಂದು ಬಸ್ಸು ಪಕ್ಕದಲ್ಲಿ ಹಾದುಹೋಯಿತು, ಅದು ಹೋಗುವವರೆಗೆ ಕಾದ. "ಏಳು ತಿಂಗಳು ನೀನು ಹಿಂದೆ ಕೂತು ಬೈದದ್ದೂ ನನಗೆ ಚೆನ್ನಾಗಿತ್ತು. ಅಷ್ಟು ವರ್ಷ ಅದನ್ನೆಲ್ಲ ಕೇಳಿಸ್ಕೊಳ್ಳದೆ ಕಳೆದೆನಲ್ಲ ಅಂತ ಹೊಟ್ಟೆ ಉರಿಯುತ್ತೆ. ನಿನ್ನ ಹತ್ರ ಹೇಳ್ಬೇಕಾಗಿದ್ದು ನನ್ನ ಹತ್ರಾನೂ ಬೇಕಾದಷ್ಟಿದೆ. ಹೇಳೋದು ಹೇಗೆ ಅಂತ ಗೊತ್ತಿರ್ಲಿಲ್ಲ. ನಮ್ಮಪ್ಪ ಸತ್ತ ವರ್ಷ ನಾನು ಅಂಗಡಿ ಬಾಗಿಲು ಹಾಕ್ಕೊಂಡು..."

ಸೇತುವೆಯ ಮೇಲೆ ಗಾಳಿ ಜೋರಾಗಿತ್ತು. ಭುಜದ ಮೇಲಿನ ಕೈ ಕೆಳಗೆ ಜಾರಿತು. ಆ ಕೈ ಸೊಂಟವನ್ನು ಬಳಸಿ ಬಂದು ಹೊಟ್ಟೆಯ ಹತ್ತಿರ ಅಂಗಿಯನ್ನು ಹಿಡಿದುಕೊಂಡಿತು. ಅವಳ ಹೆಲ್ಮೆಟ್ಟು ಅವನ ಹೆಲ್ಮೆಟ್ಟಿಗೆ ಟಕ್ಕೆಂದು ತಾಗಿತು.

"ನಿಧಾನ ಹೋಗಿ ಸ್ವಲ್ಪ," ಎಂದಳು. "ಗಾಳೀಲಿ ಅರ್ಧ ಮಾತು ಹಾರಿ ಹೋಗ್ತಿದೆ."

"ನಿನಗೆ ತಡ ಆಗುತ್ತೆ."

"ಆಗ್ಲಿ."

ಗ್ರಾಮಣ್ಣ ವೇಗ ಇಳಿಸಿದ. ಬೈಕನ್ನು ಸೇತುವೆಯ ಅಂಚಿಗೆ ತಂದು, ಗಾಳಿ ಹಿಡಿಯದ ಹಾಗೆ ತಲೆ ತಗ್ಗಿಸಿ, ಅಪ್ಪ ಸತ್ತ ವರ್ಷದ್ದನ್ನು ಮೊದಲಿನಿಂದ ಹೇಳತೊಡಗಿದ. ಹಿಂದಿನಿಂದ ಬಂದ ಗಾಡಿಗಳೆಲ್ಲ ಒಂದೊಂದಾಗಿ ಅವರನ್ನು ದಾಟಿ ಹೋದವು. ಕೊನೆಗೆ ಬ್ರೆಡ್ಡಿನ ಪೆಟ್ಟಿಗೆ ಕಟ್ಟಿಕೊಂಡ ಒಬ್ಬ ಮುದುಕನೂ ಏರಿನಲ್ಲಿ ಸೈಕಲ್ಲು ತುಳಿಯುತ್ತ ಪಕ್ಕಕ್ಕೆ ಬಂದು, ಒಮ್ಮೆ ತಿರುಗಿ ನೋಡಿ, ಅವರಿಗಿಂತ ಮುಂದೆ ಹೋದ.